ತಿಂಗಳಿಗೊಂದು ದೇಶ, ರೊಟ್ಟಿಗೆ ಒಂದು ದಿನವೂ ಇಲ್ಲ

ಹೊರನಾಡಿನ ಕನ್ನಡ ಕೂಟಗಳಲ್ಲಿ ಈಗ ಕವಿಗೋಷ್ಠಿಯೆಂದರೆ ಖಾಲಿ ಕುರ್ಚಿ, ಅಡುಗೆಯ ಸವಾಲೆಂದರೆ ನೂಕುನುಗ್ಗಲು. ಅದಕ್ಕಾಗಿ ನನಗೆ ಹೊಟ್ಟೆಕಿಚ್ಚಿಲ್ಲ. ಹಸಿದವರ ಮುಂದೆ ಕವಿತೆ ಓದುವುದು ಯಾವ ಕಾಲದಲ್ಲೂ ಕಷ್ಟದ ಕೆಲಸವೇ. ನನ್ನ ತಕರಾರು ಸವಾಲಿನ ಸ್ವರೂಪದ ಮೇಲೆ. ತಿಂಗಳಿಗೊಂದು ದೇಶ, ದೇಶಕ್ಕೊಂದು ತಿನಿಸು. ಒಮ್ಮೆ ಇಟಲಿಯ ತಿರಾಮಿಸು, ಮುಂದಿನ ಸಲ ಫ್ರಾನ್ಸಿನ ಮ್ಯಾಕರಾನ್, ಅದರಾಚೆ ತುರ್ಕಿಯ ಬಕ್ಲಾವಾ. ಮನೆಯಲ್ಲೇ ಮಾಡಬೇಕು, ಚಿತ್ರ ತೆಗೆದು ಕಳುಹಿಸಬೇಕು, ಯಾರದು ಮೂಲಕ್ಕೆ ಹೆಚ್ಚು ಹತ್ತಿರವಾಗಿದೆಯೋ ಅವರಿಗೆ ಬಹುಮಾನ. ಈ ಮೂರು ನಿಯಮಗಳಲ್ಲಿ ಮೊದಲನೆಯದು ಒಳ್ಳೆಯದು. ಎರಡನೆಯದು ಅನುಮಾನದ್ದು. ಮೂರನೆಯದು ತಪ್ಪು.

ನಾನಿರುವುದು ದೇಹೂ ರೋಡಿನಲ್ಲಿ. ಪುಣೆಯಿಂದ ಲೋಣಾವಳದ ಕಡೆಗೆ ಹೊರಡುವ ಲೋಕಲ್ ಗಾಡಿಯಲ್ಲಿ ಆಕುರ್ಡಿ ದಾಟಿದೊಡನೆ ಸಿಗುವ ನಿಲ್ದಾಣ. ತುಕಾರಾಮರ ದೇಹೂ ಇಲ್ಲಿಂದ ಕೆಲವೇ ಮೈಲಿ. ಆದರೆ ಈ ಊರನ್ನು ಬೆಳೆಸಿದ್ದು ಭಕ್ತಿಗಿಂತ ಹೆಚ್ಚಾಗಿ ಸೈನ್ಯದ ಡಿಪೋ, ಶಸ್ತ್ರಾಸ್ತ್ರ ಕಾರ್ಖಾನೆ, ಕಂಟೋನ್ಮೆಂಟ್. ನೌಕರಿ ಹಿಡಿದು ಬಂದ ಮಲಯಾಳಿ, ತಮಿಳ, ತೆಲುಗ, ಪಂಜಾಬಿಗಳ ಜೊತೆಗೆ ಬೆಳಗಾವಿ, ವಿಜಯಪುರ, ಕಲಬುರಗಿಯ ಮನೆಗಳೂ ಇಲ್ಲಿವೆ. ಒಂದೇ ಮೆಟ್ಟಿಲಿನ ನಾಲ್ಕು ಬಾಗಿಲಿನಿಂದ ನಾಲ್ಕು ಬಗೆಯ ಒಗ್ಗರಣೆಯ ವಾಸನೆ ಬರುವ ಊರು. ಜಗತ್ತಿನ ಅಡುಗೆ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ? ಆದರೂ ಸವಾಲಿನ ಪಟ್ಟಿಯಲ್ಲಿ ನಾನು ಪೆರುವಿನ ಹೆಸರು ನೋಡಿದ್ದೇನೆ, ಪಕ್ಕದ ಮನೆಯ ಮರಾಠಿ ಕಾಕೂ ಮಾಡುವ ಥಾಲಿಪೀಠದ ಹೆಸರು ನೋಡಿಲ್ಲ. ಅವರು ಹಬ್ಬಕ್ಕೆ ಮಾಡುವ ಸಿಹಿ ಹೂರಣದ ತಿನಿಸನ್ನು ‘ಕಡಬೂ’ ಎನ್ನುತ್ತಾರೆ. ನಮ್ಮ ಕಡುಬು ಅವರ ಮನೆಯಲ್ಲಿ ಯಾವ ರೂಪ ತಾಳಿದೆ ಎಂದು ಅವರ ಅಡುಗೆಮನೆಗೆ ಹೋಗಿ ನೋಡುವ ಕುತೂಹಲವಿಲ್ಲದವರು ಇಸ್ತಾಂಬುಲಿಗೆ ಯಾಕೆ ಹೊರಟಿದ್ದಾರೋ ತಿಳಿಯದು.

ಮೂಲಕ್ಕೆ ಹತ್ತಿರ ಎಂಬ ನಿಯಮ ತಪ್ಪೆಂದೆ. ಕಾರಣ ಹೇಳುತ್ತೇನೆ. ಕನ್ನಡಿಗರು ಹೊರಗಿನ ಒಂದು ತಿನಿಸನ್ನು ನಿಜವಾಗಿ ಗೆದ್ದುಕೊಂಡ ಉದಾಹರಣೆ ಪುಣೆಯ ಯಾವ ಬೀದಿಯಲ್ಲಾದರೂ ಸಿಗುತ್ತದೆ. ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕವಿಲ್ಲದ ಬಡಾವಣೆ ಇಲ್ಲಿ ಅಪರೂಪ. ಹಾಸನದ ಕಡೆಯ ಸಹೋದರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಬ್ರೆಡ್ಡು ಬಿಳಿಯರ ದಂಡಿನ ಊಟ. ಮಡಿವಂತರು ಮುಟ್ಟದ ಪದಾರ್ಥ. ಅಂಥದನ್ನು ಕಲಿತು, ಮೊಟ್ಟೆ ಬಿಟ್ಟು, ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಖಾರಾ ಬನ್ ಮಾಡಿದರು. ಒಳಗೆ ಕೊಬ್ಬರಿ, ಟೂಟಿ ಫ್ರೂಟಿ ತುಂಬಿ ದಿಲ್‌ಪಸಂದ್ ಮಾಡಿದರು. ಲಂಡನ್ನಿನ ಯಾವ ತೀರ್ಪುಗಾರನೂ ಅದನ್ನು ಮೂಲಕ್ಕೆ ಹತ್ತಿರ ಎನ್ನುತ್ತಿರಲಿಲ್ಲ. ಜಪಾನಿನಲ್ಲೂ ಇದೇ ಕತೆ. ಟೋಕಿಯೋದ ಕಿಮುರಾಯಾ ಅಂಗಡಿಯವರು 1870ರ ದಶಕದಲ್ಲಿ ಪಾಶ್ಚಾತ್ಯ ಬ್ರೆಡ್ಡನ್ನು ತಮ್ಮ ಅಕ್ಕಿಯ ಮದ್ಯದ ಹುದುಗಿನಿಂದ ಉಬ್ಬಿಸಿ, ಒಳಗೆ ಕೆಂಪುಕಾಳಿನ ಸಿಹಿ ಹೂರಣ ತುಂಬಿ ‘ಅನ್‌ಪಾನ್’ ಮಾಡಿದರು. ಹೋಳಿಗೆ ತಿಂದವರಿಗೆ ಆ ಬುದ್ಧಿ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಇಂದಿನ ಸವಾಲಿಗೆ ಈ ಎರಡು ಬೇಕರಿಗಳೂ ಬಂದಿದ್ದರೆ ಮೊದಲ ಸುತ್ತಿನಲ್ಲೇ ಹೊರಬೀಳುತ್ತಿದ್ದವು.

ಇನ್ನು ಮೂಲವೆಂದರೆ ಯಾವುದು? ತಿರಾಮಿಸುವನ್ನು ಇಟಲಿಯ ಪುರಾತನ ಪರಂಪರೆ ಎಂಬಂತೆ ನಮ್ಮವರು ಭಯಭಕ್ತಿಯಿಂದ ಕಟ್ಟುತ್ತಾರೆ. ಅದು ತ್ರೆವಿಸೊ ಎಂಬ ಊರಿನ ಹೋಟೆಲೊಂದರಿಂದ ಹೆಸರು ಪಡೆದದ್ದು 1970ರ ದಶಕದಲ್ಲಿ. ನಮ್ಮ ಓಣಿಯ ಅಜ್ಜಿಯರ ಉಪ್ಪಿನಕಾಯಿಯ ಭರಣಿಗಳು ಅದಕ್ಕಿಂತ ಹಳೆಯವು. ಅದರಲ್ಲಿ ಅದ್ದುವ ಕಾಫಿಯಂತೂ ಇನ್ನೂ ಸ್ವಾರಸ್ಯದ್ದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದ್ದು. ಹೀಗಿರುವಾಗ ಇಟಲಿಯ ಮುದ್ರೆಯ ಕಾಫಿಪುಡಿಯೇ ಬೇಕೆಂದು ನಾಲ್ಕು ಪಟ್ಟು ಬೆಲೆ ತೆತ್ತು ತರಿಸಿ, ಅದಕ್ಕೆ ಮೂಲನಿಷ್ಠೆ ಎಂದು ಅಂಕ ಕೊಡುವುದನ್ನು ಕಂಡರೆ ನಗು ಬರುತ್ತದೆ.

‘ನಮ್ಮದು ನಮಗಿರಲಿ’ ಎನ್ನುವ ಶುದ್ಧವಾದಿಗಳು ಇಷ್ಟು ಓದಿ ತಲೆದೂಗುತ್ತಿದ್ದರೆ, ಅವರ ಜೊತೆಗೂ ನನ್ನ ಜಗಳವಿದೆ. ರೊಟ್ಟಿಯ ಪಕ್ಕದ ಶೇಂಗಾ ಹಿಂಡಿ ಯಾರದು? ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ಹೆಸರು ಮರಾಠಿಯದು, ಅದರೊಳಗಿನ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಸಮುದ್ರ ದಾಟಿ ಬಂದವರೇ. ಹೊರಗಿನದಕ್ಕೆ ಬಾಗಿಲು ಹಾಕಿದ ಅಡುಗೆ ಕನ್ನಡ ನಾಡಿನಲ್ಲಿ ಯಾವ ಶತಮಾನದಲ್ಲೂ ಇರಲಿಲ್ಲ. ನನ್ನ ದೂರು ಹೊರಗಿನದು ಬಂತೆಂದಲ್ಲ, ಬಂದದ್ದು ಉಳಿಯುವುದಿಲ್ಲವೆಂದು. ಮ್ಯಾಕರಾನನ್ನು ಎರಡನೆಯ ಸಲ ಮಾಡಿದ ಒಂದು ಮನೆಯನ್ನೂ ನಾನು ಕಂಡಿಲ್ಲ. ಬಾದಾಮಿ ಹಿಟ್ಟಿನ ಅರ್ಧ ಪೊಟ್ಟಣ, ಬಣ್ಣದ ಶೀಶೆ, ಸಿಲಿಕಾನ್ ಹಾಳೆ ಇವೆಲ್ಲ ಅಟ್ಟ ಸೇರುತ್ತವೆ. ಚಿತ್ರ ಮಾತ್ರ ಉಳಿಯುತ್ತದೆ.

ಅದೇ ಅಡುಗೆಮನೆಯಲ್ಲಿ ಏನು ಕಳೆದುಹೋಗುತ್ತಿದೆ ಎಂಬುದನ್ನು ಈಗ ನೋಡೋಣ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಇರುತ್ತದೆ. ನಾದಿದಷ್ಟೂ ಎಳೆ ಕಟ್ಟುತ್ತದೆ. ಬೇಕರಿ ವಿದ್ಯೆಯ ಅರ್ಧ ಭಾಗ ಆ ಎಳೆಯ ಮೇಲೆ ನಿಂತಿದೆ. ಜೋಳದಲ್ಲಿ ಅದಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಅಂಟು ಆರುವ ಮುನ್ನ, ಕೈ ಸುಡುವ ಬಿಸಿಯಲ್ಲೇ ಅಂಗೈಯ ಬುಡದಿಂದ ಉಜ್ಜಿ ನಾದಬೇಕು. ಬೀಸಿ ಹೆಚ್ಚು ದಿನವಾದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಅಂಚು ಹರಿಯುತ್ತದೆ. ಆದ್ದರಿಂದ ಗಿರಣಿಗೆ ಹೋಗುವ ದಿನವೂ ಅಡುಗೆಯ ಲೆಕ್ಕದಲ್ಲೇ ಬರುತ್ತದೆ. ಸೊಲ್ಲಾಪುರ ಸೀಮೆಯ ಮಾಲದಂಡಿ ಜೋಳಕ್ಕೆ ಇರುವ ಮರ್ಯಾದೆ ಬೇರೆಯದಕ್ಕಿಲ್ಲವೆಂಬುದು ಕೈಯೇ ಹೇಳುವ ಮಾತು. ಆಮೇಲೆ ಬಡಿಯುವುದು: ಬೆರಳು ಮೂಡದಂತೆ, ರೊಟ್ಟಿ ತಾನೇ ತಿರುಗುವಂತೆ, ನಡು ದಪ್ಪವಾಗದಂತೆ. ಹಂಚಿಗೆ ಹಾಕಿ ಮೇಲೆ ನೀರು ಸವರುವುದು ಒಂದು ಕ್ಷಣ ತಡವಾದರೆ ಉಬ್ಬು ಬರುವುದಿಲ್ಲ. ಫ್ರಾನ್ಸಿನ ಕ್ರಸಾಂಗೆ ಮೂರು ದಿನ ಬೇಕೆಂದು ಬೆರಗಾಗುವವರಿಗೆ ಈ ಕೈ ಕೂಡಿಬರಲು ಎಷ್ಟು ವರ್ಷ ಬೇಕೆಂಬುದು ಗೊತ್ತಿದೆಯೆ? ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ರೊಟ್ಟಿ ಬಡಿಯಬಲ್ಲವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿತು. ಆ ವರ್ಷವಾದರೂ ಜೋಳಕ್ಕೆ ಒಂದು ತಿಂಗಳು ಸಿಗಬಹುದೆಂದು ಆಸೆಪಟ್ಟೆವು. ಸಿಕ್ಕಿತು: ಜೋಳದ ಹಿಟ್ಟಿನ ಚಾಕೊಲೇಟ್ ಬ್ರೌನಿ.

ನಮ್ಮದು ಸಾಹಿತ್ಯದ ಬಳಗ. ಹಾಗಾಗಿ ಕೈಯ ಮಾತಿಗಿಂತ ನಾಲಿಗೆಯ ಮಾತು ನಮಗೆ ಇನ್ನೂ ಹತ್ತಿರದ್ದು. ಸವಾಲಿನಲ್ಲಿ ಗೆದ್ದವರು ಬರೆದು ಹಂಚುವ ವಿಧಾನಗಳನ್ನು ಓದಿ ನೋಡಿ. ‘ಮಿಕ್ಸ್ ಮಾಡಿ, ಬೀಟ್ ಮಾಡಿ, ಫೋಲ್ಡ್ ಮಾಡಿ, ಹತ್ತು ನಿಮಿಷ ರೆಸ್ಟ್ ಮಾಡಲು ಬಿಡಿ, ಬೇಕ್ ಮಾಡಿ.’ ಲಿಪಿ ಕನ್ನಡ, ಕ್ರಿಯಾಪದ ಒಂದೇ ಒಂದು: ಮಾಡು. ಇದೇ ಭಾಷೆಯಲ್ಲಿ ಕಲಸುವುದು ಬೇರೆ, ನಾದುವುದು ಬೇರೆ, ಮಿದಿಯುವುದು ಬೇರೆ. ಲಟ್ಟಿಸುವುದು, ತಟ್ಟುವುದು, ಬಡಿಯುವುದು, ಒತ್ತುವುದು ಒಂದೊಂದಕ್ಕೂ ಅಂಗೈಯ ಒಂದೊಂದು ಭಂಗಿ. ಕಾಳನ್ನು ಒಡೆಯುವುದು, ಬೀಸುವುದು, ಕುಟ್ಟುವುದು, ಅರೆಯುವುದು, ರುಬ್ಬುವುದು. ಬೆಂಕಿಯ ಮೇಲೆ ಹುರಿಯುವುದು, ಬಾಡಿಸುವುದು, ಕರಿಯುವುದು, ಸುಡುವುದು, ಬೇಯಿಸುವುದು, ಇಂಗಿಸುವುದು. ‘ಹದ’ ಎಂಬ ಒಂದೇ ಪದದಲ್ಲಿ ಹೊಲದ ತೇವ, ಪಾಕದ ಎಳೆ, ಚರ್ಮದ ಮೃದುತ್ವ ಮೂರೂ ಅಡಗಿವೆ. ಈ ಪದಗಳನ್ನು ಪುಣೆಯ ಮಗು ಶಾಲೆಯಲ್ಲಿ ಕಲಿಯುವುದಿಲ್ಲ, ನಮ್ಮ ಗೋಷ್ಠಿಗಳಲ್ಲೂ ಕಲಿಯುವುದಿಲ್ಲ. ಒಲೆಯ ಬಳಿ ಕಲಿಯದಿದ್ದರೆ ಅದಕ್ಕೆ ಕಲಿಯಲು ಬೇರೆ ಜಾಗವಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷೆ ಉಳಿಸಲು ಭಾಷಣ ಮಾಡುವ ನಾವೇ ಮಾರನೆಯ ದಿನ ಇಪ್ಪತ್ತು ಕ್ರಿಯಾಪದಗಳನ್ನು ಒಂದೇ ‘ಮಾಡು’ವಿಗೆ ಅಡವಿಡುತ್ತೇವೆ. ಬ್ರೆಡ್ಡಿನ ಹಿಟ್ಟನ್ನು ‘ಮಡಚಿ ನಾದಿ, ತಣಿಯಲು ಬಿಡಿ’ ಎಂದು ಬರೆದಿದ್ದರೆ ಇಟಲಿಯವರು ಕೋಪಿಸಿಕೊಳ್ಳುತ್ತಿದ್ದರೇನು?

ಈ ಸವಾಲುಗಳಿಗೆ ಯಾರನ್ನು ಕರೆಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಪುಣೆಯ ಹೊಸ ಬಡಾವಣೆಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬಗಳು ಬಹಳ. ಗಂಡಸರು ಗಾರೆ ಕೆಲಸಕ್ಕೆ ಹೋದರೆ ಹೆಂಗಸರಲ್ಲಿ ಕೆಲವರು ಮನೆಗೆಲಸ ಹಿಡಿಯುತ್ತಾರೆ. ನಮ್ಮ ಓಣಿಯ ಮೂರು ಕನ್ನಡ ಮನೆಗಳಿಗೆ ಬೆಳಿಗ್ಗೆ ರೊಟ್ಟಿ ಮಾಡಿಕೊಡುವಾಕೆ ಅಂಥವಳೊಬ್ಬಳು. ಒಂಬತ್ತು ಗಂಟೆಯೊಳಗೆ ನಲವತ್ತು ರೊಟ್ಟಿ. ಕೂಲಿ ರೊಟ್ಟಿಗಿಷ್ಟು ಎಂದು. ಮನೆಯೊಡತಿ ಅವಸರ ಮಾಡಿದರೆ, “ಎಸರು ಕುದಿಯೂ ಮಟಾ ತಡೀರಿ ಅಕ್ಕಾರ, ಹಿಟ್ಟು ತಾನ ಹೇಳತೈತಿ” ಎನ್ನುತ್ತಾಳೆ. ಹಿಟ್ಟಿನ ಮಾತು ಕೇಳಿಸುವ ಕಿವಿ ಇರುವ ಇಂಥವಳೇ ಸವಾಲಿನ ಮಾರನೆಯ ದಿನ ಕೆನೆ ಮೆತ್ತಿದ ಬಟ್ಟಲುಗಳನ್ನು ತೊಳೆಯುತ್ತಾಳೆ. ಅವಳು ಕನ್ನಡದವಳಲ್ಲವೆ? ಕನ್ನಡ ಕೂಟದ ಸದಸ್ಯತ್ವದ ಹಾಳೆಯಲ್ಲಿ ಅವಳ ಹೆಸರು ಯಾಕಿಲ್ಲ? ಪೆರುವಿನವರೆಗೆ ಕೈ ಚಾಚುವ ನಮ್ಮ ವಿಶ್ವಪ್ರಜ್ಞೆ ಅಡುಗೆಕಟ್ಟೆಯ ಆ ಕಡೆ ನಿಂತವಳನ್ನು ಮುಟ್ಟುವುದಿಲ್ಲ.

‘ಇದು ಬರೀ ಸಂತೋಷಕ್ಕೆ, ಇಷ್ಟು ಗಂಭೀರ ಯಾಕೆ’ ಎಂಬ ಉತ್ತರ ನನಗೆ ಈಗಾಗಲೇ ಬಂದಿದೆ. ಸಂತೋಷಕ್ಕೇ ಎಂದರೆ ಅಂಕ ಯಾಕೆ, ತೀರ್ಪುಗಾರರು ಯಾಕೆ? ‘ಮಕ್ಕಳಿಗೆ ಜಗತ್ತಿನ ಪರಿಚಯವಾಗುತ್ತದೆ’ ಎಂಬುದು ಇನ್ನೊಂದು ವಾದ. ಅದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಇನ್ನೂ ಒಂದನ್ನು ಒಪ್ಪುತ್ತೇನೆ: ಬೇಕಿಂಗ್ ನಮ್ಮವರಿಗೆ ತೂಗುವುದನ್ನು ಕಲಿಸಿದೆ. ಇಷ್ಟು ಗ್ರಾಂ, ಇಷ್ಟು ಡಿಗ್ರಿ, ಇಷ್ಟು ನಿಮಿಷ ಎಂದು ಬರೆದಿಡುವ ಶಿಸ್ತು ಬಂದಿದೆ. ನಮ್ಮ ಅಮ್ಮಂದಿರ ಅಡುಗೆಯೆಲ್ಲ ಅಂದಾಜಿನದು. ಅವರು ಹೋದರೆ ಅಂದಾಜೂ ಹೋಯಿತು. ಬರೆದಿಡುವ ಶಿಸ್ತು ಕನ್ನಡಕ್ಕೆ ಹೊಸದೇನೂ ಅಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಜಾಗವಿದೆ. ಮೂರನೆಯ ಮಂಗರಸ 1508ರ ಹೊತ್ತಿಗೆ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ಬರೆದ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಮುಚ್ಚಳರೊಟ್ಟಿ ಅದರಲ್ಲಿದೆ. ಓವನ್ ಇಲ್ಲದ ಕಾಲದ ಬೇಕಿಂಗ್ ಅದು. ಐದು ನೂರು ವರ್ಷದ ಹಿಂದಿನ ಅಂಥ ಒಂದು ರೊಟ್ಟಿಯನ್ನು ಇಂದಿನ ಮನೆಯಲ್ಲಿ ಮತ್ತೆ ಮಾಡಿ ನೋಡಿ ಎಂದು ಯಾವ ಸಂಘವಾದರೂ ಸವಾಲು ಹಾಕಿತೆ?

ಸವಾಲು ನಿಲ್ಲಿಸಿ ಎನ್ನುತ್ತಿಲ್ಲ, ನಿಯಮ ಬದಲಿಸಿ ಎನ್ನುತ್ತಿದ್ದೇನೆ. ಮೂಲಕ್ಕೆ ಹತ್ತಿರವಾದದ್ದಕ್ಕೆ ಬಹುಮಾನ ಬೇಡ. ಆ ತಿನಿಸು ಆ ಮನೆಗೆ ಒಗ್ಗಿತೆ, ಅದೇ ತಿಂಗಳಲ್ಲಿ ಕ್ಯಾಮೆರಾ ಇಲ್ಲದೆ ಎರಡನೆಯ ಸಲ ಆಯಿತೆ ಎಂದು ಕೇಳಿ. ಮಾಡುವ ವಿಧಾನವನ್ನು ಕನ್ನಡದ ಕ್ರಿಯಾಪದಗಳಲ್ಲಿ ಬರೆಯಿಸಿ. ಪದ ಸಿಗದಿದ್ದರೆ ಊರಿನ ಅತ್ತೆಗೋ ಚಿಕ್ಕಮ್ಮನಿಗೋ ಫೋನು ಮಾಡಿ ಕೇಳಲಿ, ಆ ಮಾತುಕತೆಯೂ ಸವಾಲಿನ ಭಾಗವಾಗಲಿ. ಒಂದು ತಿಂಗಳು ನೆರೆಯವರ ಅಡುಗೆಗೆ ಮೀಸಲಿಡಿ. ಬರುವ ತಿಂಗಳು ಜೋಳದ ರೊಟ್ಟಿಯದಾಗಲಿ: ತೂಗಿ, ಎಸರಿನ ಅಳತೆ ಬರೆದು, ಹದಿನಾಲ್ಕು ವರ್ಷದ ಹುಡುಗ ಹುಡುಗಿಯರಿಬ್ಬರೂ ಓದಿ ಮಾಡುವಂತೆ. ತೀರ್ಪುಗಾರರ ಕುರ್ಚಿಯಲ್ಲಿ ನಮ್ಮ ಓಣಿಯ ಆ ಹೆಣ್ಣುಮಗಳು ಕೂರಲಿ. ಆದರೆ ದಿನ ಗೊತ್ತುಮಾಡುವ ಮೊದಲು ಅವಳನ್ನು ಕೇಳಬೇಕು. ವಾರದಲ್ಲಿ ಅವಳಿಗೆ ಬಿಡುವಿರುವುದು ಭಾನುವಾರ ಮಧ್ಯಾಹ್ನ ಮಾತ್ರ, ಆ ಹೊತ್ತಿನ ಕೂಲಿಯನ್ನು ಸಂಘವೇ ಕೊಡಬೇಕು.