ಎರಡು ಕೋಟಿಯ ಗಾಡಿಯ ಸವಕಳಿ ಯಾರ ಲೆಕ್ಕಕ್ಕೆ?

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಚಹದ ಅಂಗಡಿ ಇಟ್ಟವರಿಗೆ ಲ್ಯಾಂಡ್ ರೋವರ್ ಎಂಬ ಮೋಟಾರು ಗಾಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೂ ಪುಣೆಗೂ ಧಾವಿಸುವ ಸಾಹುಕಾರರ ಗಾಡಿಗಳ ಪೈಕಿ ಅದೂ ಒಂದು. ಅಂಗಡಿಯ ಮುಂದೆ ಅದು ನಿಲ್ಲುವುದು ಅಪರೂಪ. ಆ ಕಂಪನಿಯ ಗಾಡಿಗಳಲ್ಲೆಲ್ಲ ದೊಡ್ಡದಾದ ರೇಂಜ್ ರೋವರಿನ ಬೆಲೆ 2 ಕೋಟಿ ರೂಪಾಯಿಯ ಆಸುಪಾಸು. ದಿನಕ್ಕೆ 500 ರೂಪಾಯಿ ಕೂಲಿ ಪಡೆಯುವ ಗಿರಣಿ ಕಾರ್ಮಿಕನು ವರ್ಷಕ್ಕೆ 300 ದಿನ ದುಡಿದು, ಉಣ್ಣದೆ ಉಡದೆ ಅಷ್ಟನ್ನೂ ಕೂಡಿಟ್ಟರೆ, ಅಂಥದೊಂದನ್ನು ಕೊಳ್ಳಲು 133 ವರ್ಷ ಹಿಡಿಯುತ್ತದೆ.

ಇದನ್ನು ಹೊಟ್ಟೆಕಿಚ್ಚಿನ ಮಾತೆಂದು ಕೆಲವರು ತಳ್ಳಿಹಾಕಿಯಾರು. ಪರರ ಗಾಡಿಯ ಬೆಲೆ ಎಣಿಸುತ್ತ ಕೂರಲು ಈ ಪತ್ರಿಕೆಗೂ ಪುರುಸೊತ್ತಿಲ್ಲ. ಆದರೆ ಆ ಬೆಲೆಯಲ್ಲಿ ಒಂದು ಪಾಲು ಸಾರ್ವಜನಿಕ ಬೊಕ್ಕಸದಿಂದ ಹೋಗುತ್ತಿದೆ. ಆ ಬೊಕ್ಕಸಕ್ಕೆ ಹೊಸದುರ್ಗದ ಸಂತೆಯಲ್ಲಿ ಸೋಪು ಮಾರುವವನೂ ಹಣ ತುಂಬುತ್ತಾನೆ, ಕೊಳ್ಳುವವನೂ ತುಂಬುತ್ತಾನೆ. ಆದುದರಿಂದ ಲೆಕ್ಕ ಕೇಳುವುದು ನಮ್ಮ ಹಕ್ಕು. ಮೊದಲು ಗಾಡಿಯ ಹುಟ್ಟಿನ ಕಥೆ ಹೇಳಬೇಕು. ಅದು ಧನಿಕರಿಗಾಗಿ ಹುಟ್ಟಿದ ಗಾಡಿಯೇ ಅಲ್ಲವೆಂಬುದು ಅನೇಕರಿಗೆ ತಿಳಿಯದು.

ಎರಡನೆಯ ಮಹಾಯುದ್ಧ ಗೆದ್ದ ಇಂಗ್ಲೆಂಡು ಸಾಲದಲ್ಲಿ ಮುಳುಗಿತ್ತು. ಉಕ್ಕಿಗೆ ಪಡಿತರ ಬಂದಿತ್ತು. ಹೊರದೇಶಗಳಿಗೆ ಸರಕು ಮಾರಬಲ್ಲ ಕಾರ್ಖಾನೆಗಳಿಗೆ ಸರ್ಕಾರ ಮೊದಲು ಉಕ್ಕು ಹಂಚುತ್ತಿತ್ತು. ರೋವರ್ ಕಂಪನಿಯ ಮುಖ್ಯ ಇಂಜಿನಿಯರು ಮಾರಿಸ್ ವಿಲ್ಕ್ಸ್ ಎಂಬಾತನಿಗೆ ವೇಲ್ಸ್ ಪ್ರಾಂತದ ಆಂಗ್ಲ್‌ಸೀ ದ್ವೀಪದಲ್ಲಿ ಜಮೀನಿತ್ತು. ಸೈನ್ಯ ಮಾರಿಬಿಟ್ಟಿದ್ದ ಹಳೆಯ ವಿಲ್ಲೀಸ್ ಜೀಪೊಂದನ್ನು ಅಲ್ಲಿ ಬಳಸುತ್ತಿದ್ದ. ಇಂಥದೇ ಗಾಡಿಯನ್ನು ನಾವೇ ಏಕೆ ಮಾಡಬಾರದು ಎಂದು ಆತ ಯೋಚಿಸಿದ. 1947ರಲ್ಲಿ ಒಂದು ಮಾದರಿ ಸಿದ್ಧವಾಯಿತು. ಅದರ ಸ್ಟೀರಿಂಗು ಟ್ರಾಕ್ಟರಿನಂತೆ ನಡುಮಧ್ಯದಲ್ಲಿತ್ತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮ್ ನಗರದ ಪ್ರದರ್ಶನದಲ್ಲಿ ಗಾಡಿ ಹೊರಬಂತು. ಬೆಲೆ 450 ಪೌಂಡು. ಉಕ್ಕು ಸಾಲದೆ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಹೊದಿಸಿದ್ದರು. ಮೊದಮೊದಲು ಬಾಗಿಲಿಗೂ ಮೇಲ್ಛಾವಣಿಗೂ ಬೇರೆ ದುಡ್ಡು ಕೊಡಬೇಕಿತ್ತು! ಇಂಜಿನ್ನಿಗೆ ಬೆಲ್ಟು ಹಾಕಿ ಒಕ್ಕಣೆಯ ಯಂತ್ರವನ್ನೂ ಮರ ಕೊಯ್ಯುವ ಗರಗಸವನ್ನೂ ತಿರುಗಿಸುವ ಏರ್ಪಾಡಿತ್ತು. ಒಟ್ಟಿನಲ್ಲಿ ಅದು ರೈತನ ಆಳು. ಹೊಳಲ್ಕೆರೆಯ ಅಡಿಕೆ ತೋಟದವರು ಇಂದು ಟಿಲ್ಲರಿನಿಂದ ಮಾಡಿಸಿಕೊಳ್ಳುವ ಚಾಕರಿಯನ್ನು ಅಲ್ಲಿನ ರೈತರು ಅದರಿಂದ ಮಾಡಿಸಿಕೊಂಡರು.

ಆ ಕಾಲದ ಗಾಡಿಯ ನಿಜವಾದ ಒಡೆಯರನ್ನು ಇಂದಿಗೂ ನೋಡಬೇಕೆಂದರೆ ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜ್ಯಾಂಗ್ ಎಂಬ ಸಣ್ಣ ಊರಿಗೆ ಹೋಗಬೇಕು. ಬಿಳಿಯರ ಕಾಲದ ಚಹದ ತೋಟಗಳಿಂದ ಕೈಬದಲಾಗಿ ಬಂದ 1950ರ ದಶಕದ ಲ್ಯಾಂಡ್ ರೋವರುಗಳನ್ನು ಅಲ್ಲಿನ ಬಡ ಚಾಲಕರು ಬಾಡಿಗೆಗೆ ಓಡಿಸುತ್ತ ಬಂದಿದ್ದಾರೆ. 3,636 ಮೀಟರು ಎತ್ತರದ ಸಂದಕ್‌ಫು ಶಿಖರಕ್ಕೆ ಕಲ್ಲುದಾರಿಯಲ್ಲಿ ಜನರನ್ನೂ ಮೂಟೆಗಳನ್ನೂ ಹೊತ್ತದ್ದು ಈ ಗಾಡಿಗಳೇ. ಬಿಡಿಭಾಗ ಸಿಗದಿದ್ದಾಗ ಊರಿನ ಮೆಕ್ಯಾನಿಕ್ಕುಗಳು ತಾವೇ ತಿದ್ದಿ ಕೂರಿಸಿದರು. ಇಂಜಿನ್ನು ಕೈಕೊಟ್ಟಲ್ಲಿ ಮಹೀಂದ್ರ ಜೀಪಿನ ಡೀಸೆಲ್ ಇಂಜಿನ್ನು ಇಳಿಸಿದರು. ಕಂಪನಿಯ ಜಾಹೀರಾತಿನಲ್ಲಿ ಹೊಗಳಿಸಿಕೊಳ್ಳುವ ಗಟ್ಟಿತನ ಉಳಿದಿರುವುದು ಈ ಮೆಕ್ಯಾನಿಕ್ಕುಗಳ ಕೈಯಲ್ಲಿ ಎಂದರೆ ತಪ್ಪಾಗದು.

ಗಾಡಿಯ ಜಾತಿ ಬದಲಾದದ್ದು 1970ರ ನಂತರ. ಆ ವರ್ಷ ರೇಂಜ್ ರೋವರ್ ಬಂತು. ಅದರ ಮೊದಲ ಮಾದರಿಯ ನೆಲವನ್ನೂ ಕೊಳಾಯಿ ಹಿಡಿದು ತೊಳೆಯಬಹುದಿತ್ತು. ಕೆಸರಿನ ಬೂಟು ಹಾಕಿಕೊಂಡವನು ಕೂರುತ್ತಾನೆಂಬ ಎಣಿಕೆ ಇನ್ನೂ ಇತ್ತು. ಆಮೇಲೆ ನೆಲಕ್ಕೆ ಜಮಖಾನೆ ಬಂತು, ಪೀಠಕ್ಕೆ ಚರ್ಮ ಬಂತು, ಕೆಸರಿನವನು ಇಳಿದುಹೋದ.

ಒಡೆತನವೂ ಕೈಯಿಂದ ಕೈಗೆ ಹಾರಿತು. 1968ರಲ್ಲಿ ಕಂಪನಿ ಬ್ರಿಟಿಷ್ ಲೇಲ್ಯಾಂಡಿನೊಳಗೆ ಸೇರಿತು. ಲೇಲ್ಯಾಂಡು ಮುಳುಗತೊಡಗಿದಾಗ 1975ರಲ್ಲಿ ಸರ್ಕಾರವೇ ಅದನ್ನು ವಹಿಸಿಕೊಂಡು ಪ್ರಜೆಗಳ ತೆರಿಗೆಯ ಹಣ ಸುರಿದು ಉಳಿಸಿತು. ಉಳಿದ ಮೇಲೆ? 1988ರಲ್ಲಿ ಥ್ಯಾಚರ್ ಸರ್ಕಾರ ಇಡೀ ರೋವರ್ ಸಮೂಹವನ್ನು ಬ್ರಿಟಿಷ್ ಏರೋಸ್ಪೇಸ್ ಕಂಪನಿಗೆ 15 ಕೋಟಿ ಪೌಂಡಿಗೆ ಮಾರಿತು. ಆರು ವರ್ಷ ಕಳೆಯುವಷ್ಟರಲ್ಲಿ, 1994ರಲ್ಲಿ, ಆ ಕಂಪನಿ ತನ್ನ ಶೇ. 80 ಪಾಲನ್ನು ಜರ್ಮನಿಯ ಬಿ.ಎಂ.ಡಬ್ಲ್ಯು.ಗೆ 80 ಕೋಟಿ ಪೌಂಡಿಗೆ ಮಾರಿಕೊಂಡಿತು. ನಷ್ಟದ ಕಾಲದಲ್ಲಿ ಪ್ರಜೆಗಳ ಸೊತ್ತು, ಲಾಭದ ಕಾಲದಲ್ಲಿ ಖಾಸಗಿಯವರ ಸೊತ್ತು. ನಮ್ಮ ದೇಶದಲ್ಲೂ ಸಾರ್ವಜನಿಕ ಕಾರ್ಖಾನೆಗಳನ್ನು ಮಾರಬೇಕೆನ್ನುವ ಪಂಡಿತರು ಈ ಒಂದು ಲೆಕ್ಕವನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

2000ದಲ್ಲಿ ಲ್ಯಾಂಡ್ ರೋವರ್ ಅಮೆರಿಕದ ಫೋರ್ಡಿನ ಪಾಲಾಯಿತು. 2008ರ ಜೂನಿನಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಟಾಟಾದವರು 230 ಕೋಟಿ ಡಾಲರಿಗೆ ಕೊಂಡರು. ಅವೆರಡಕ್ಕೆ ಫೋರ್ಡ್ ಕೊಟ್ಟಿದ್ದರ ಅರ್ಧಕ್ಕಿಂತಲೂ ಅದು ಕಡಿಮೆ. ಆಳಿದವರ ಕಂಪನಿಯನ್ನು ಆಳಿಸಿಕೊಂಡವರು ಕೊಂಡರೆಂದು ದೇಶವೆಲ್ಲ ಹಿಗ್ಗಿತು. ಹಿಗ್ಗಿದ್ದರಲ್ಲಿ ತಪ್ಪಿಲ್ಲ. ಆದರೆ ಹಿಗ್ಗಿದವರಲ್ಲಿ ಯಾರಿಗೆ ಎಷ್ಟು ಪಾಲು ಬಂತೆಂದು ಯಾರೂ ಕೇಳಲಿಲ್ಲ. ಇಂಗ್ಲೆಂಡಿನ ಸರ್ಕಾರವಂತೂ ಇಂದಿಗೂ ಆ ಕಂಪನಿಯ ಬೆನ್ನಿಗಿದೆ: 2025ರ ಸೆಪ್ಟೆಂಬರಿನಲ್ಲಿ ಗಣಕಯಂತ್ರಗಳಿಗೆ ಕನ್ನ ಬಿದ್ದು ಕಾರ್ಖಾನೆಗಳು ತಿಂಗಳಿಗೂ ಹೆಚ್ಚು ಕಾಲ ನಿಂತಾಗ 150 ಕೋಟಿ ಪೌಂಡಿನ ಸಾಲಕ್ಕೆ ಅಲ್ಲಿನ ಸರ್ಕಾರ ಜಾಮೀನು ನಿಂತಿತು. ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳ ಕೆಲಸಗಾರರ ಅನ್ನದ ಪ್ರಶ್ನೆ ಅದರಲ್ಲಿದ್ದುದರಿಂದ ಅದನ್ನು ನಾವು ಆಕ್ಷೇಪಿಸುವುದಿಲ್ಲ.

ಈಗ ಕೊಂಡವರ ಅನುಭವಕ್ಕೆ ಬರೋಣ. ಗಾಳಿಯ ಒತ್ತಡದಿಂದ ಮೈಯನ್ನು ಎತ್ತುವ ಇಳಿಸುವ ಯಂತ್ರ ಕೆಡುವುದು, ವಿದ್ಯುತ್ತಿನ ಸಾಮಾನು ಕೈಕೊಡುವುದು ಈ ಗಾಡಿಯ ಹಳೆಯ ಕಾಯಿಲೆಗಳೆಂದು ಲೋಕವೆಲ್ಲ ಬಲ್ಲದು. ಸಂತೆಪೇಟೆಯ ಮೆಕ್ಯಾನಿಕ್ಕು ಕೈಹಾಕುವಂತಿಲ್ಲ. ದುರ್ಗದಿಂದ 200 ಕಿಲೋಮೀಟರು ದೂರದ ಬೆಂಗಳೂರಿಗೇ ಒಯ್ಯಬೇಕು. ಇಂಗ್ಲೆಂಡಿನಲ್ಲಿ ಕಳ್ಳರ ಕಾಟ ಎಷ್ಟಾಯಿತೆಂದರೆ ವಿಮೆಯವರು ಕಂತನ್ನು ಏರಿಸಿದರು. ಹಳೆಯ ಗಾಡಿಗಳಿಗೆ ಹೊಸ ಬೀಗದ ವ್ಯವಸ್ಥೆ ಮಾಡಲು ಕಂಪನಿಯೇ 2023ರಲ್ಲಿ 1 ಕೋಟಿ ಪೌಂಡು ತೆಗೆದಿಟ್ಟಿತು. ಕೊಂಡು ಮೂರು ವರ್ಷಕ್ಕೆ ಮಾರಹೋದರೆ ಬೆಲೆ ಜಾರಿರುತ್ತದೆ. ವ್ಯಾಪಾರ ಬಲ್ಲ ಮನುಷ್ಯ ಇಂಥದನ್ನು ಏಕೆ ಕೊಳ್ಳುತ್ತಾನೆ? ಮಾನಕ್ಕಾಗಿ ಎಂಬುದು ಅರ್ಧ ಉತ್ತರ. ಉಳಿದರ್ಧ ಆದಾಯ ತೆರಿಗೆಯ ಕಾನೂನಿನಲ್ಲಿದೆ.

ಕಾನೂನು ಹೇಳುವುದಿಷ್ಟು: ವ್ಯಾಪಾರಕ್ಕೆಂದು ಕಂಪನಿಯ ಹೆಸರಿನಲ್ಲಿ ಕಾರು ಕೊಂಡರೆ, ಉಳಿದ ಬೆಲೆಯ ಮೇಲೆ ವರ್ಷವರ್ಷವೂ ಶೇ. 15ನ್ನು ಸವಕಳಿ ಎಂದು ಲಾಭದಿಂದ ಕಳೆಯಬಹುದು. 2 ಕೋಟಿಯ ಗಾಡಿಗೆ ಮೊದಲ ವರ್ಷ 30 ಲಕ್ಷ, ಎರಡನೆಯ ವರ್ಷ 25 ಲಕ್ಷ 50 ಸಾವಿರ, ಮೂರನೆಯ ವರ್ಷ 21 ಲಕ್ಷ 67 ಸಾವಿರ. ಕಂಪನಿ ನೂರಕ್ಕೆ 25ರಂತೆ ತೆರಿಗೆ ಕಟ್ಟುವಂಥದಾದರೆ ಮೂರೇ ವರ್ಷದಲ್ಲಿ ಸುಮಾರು 19 ಲಕ್ಷ ರೂಪಾಯಿ ತೆರಿಗೆ ಉಳಿಯಿತು. ಸಾಲದ ಬಡ್ಡಿ, ವಿಮೆ, ಡೀಸೆಲ್, ಚಾಲಕನ ಸಂಬಳ ಎಲ್ಲವೂ ವ್ಯಾಪಾರದ ಖರ್ಚೇ. ಭಾನುವಾರ ಆ ಗಾಡಿ ಮದುವೆಗೆ ಹೋಯಿತೋ ರೆಸಾರ್ಟಿಗೆ ಹೋಯಿತೋ ನೋಡಲು ಇಲಾಖೆಯವರು ಬೆನ್ನು ಹತ್ತಿ ಹೋಗುವುದಿಲ್ಲ.

ಇನ್ನೊಂದು ಕಡೆ ನೋಡಿ. ಹೊಸದುರ್ಗದಿಂದ ಹಳ್ಳಿಹಳ್ಳಿಗೆ ತರಕಾರಿ ಮೂಟೆ ಕಟ್ಟಿಕೊಂಡು ಟಿ.ವಿ.ಎಸ್. ಮೊಪೆಡ್ಡಿನಲ್ಲಿ ಹೋಗುವವನ ಗಾಡಿ ನಿಜಕ್ಕೂ ವ್ಯಾಪಾರದ ಗಾಡಿ. ಅದೂ ಸವೆಯುತ್ತದೆ. ಅವನ ಸವಕಳಿಯನ್ನು ಯಾರೂ ಕಳೆದುಕೊಡುವುದಿಲ್ಲ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಪೇಟೆಯ ಸಣ್ಣ ವರ್ತಕ ಬೇರೆಯಾಗಿ ಸವಕಳಿ ಕೇಳುವಂತಿಲ್ಲ. ಪೂರ್ತಿ ಲೆಕ್ಕಪತ್ರ ಇಟ್ಟು ಕೇಳಬಹುದು, ಆದರೆ ಲೆಕ್ಕ ಬರೆದವನ ಫೀಜು ಉಳಿದದ್ದಕ್ಕಿಂತ ಹೆಚ್ಚಾದೀತು. ಗಿರಣಿಗೆ ಸೈಕಲ್ಲು ತುಳಿಯುವ ಕಾರ್ಮಿಕನಿಗೆ ಆದಾಯ ತೆರಿಗೆ ಕಟ್ಟುವಷ್ಟು ಕೂಲಿಯೇ ಇಲ್ಲ. ಹಾಗೆಂದು ಅವನು ತೆರಿಗೆ ಕಟ್ಟುವುದಿಲ್ಲವೆಂದಲ್ಲ. ಟೈರಿಗೆ, ಟ್ಯೂಬಿಗೆ, ಸೋಪಿಗೆ, ಬಟ್ಟೆಗೆ, ಮಗುವಿನ ಬಿಸ್ಕತ್ತಿಗೆ ಕಟ್ಟುತ್ತಾನೆ. ಅವನಿಗೆ ರಸೀದಿ ಕೊಡುವವರಿಲ್ಲ.

ಇದು ಹಿಂದಿನಿಂದ ಬಂದ ಪದ್ಧತಿ, ಬದಲಾಯಿಸಲಾಗದು ಎನ್ನುವವರಿಗೆ ಕಾನೂನಿನ ಹಳೆಯ ಪುಟ ತೋರಿಸುತ್ತೇವೆ. 1967ರ ಮಾರ್ಚ್ 31ರ ನಂತರ ಕೊಂಡ ಕಾರಿಗೆ, ಪ್ರವಾಸಿಗಳಿಗೆ ಬಾಡಿಗೆಗೆ ಬಿಡುವಂಥದನ್ನು ಹೊರತುಪಡಿಸಿ, 25,000 ರೂಪಾಯಿಯ ಮಿತಿ ಇತ್ತು. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಸವಕಳಿಯ ಲೆಕ್ಕಕ್ಕೆ ಹಿಡಿಯುತ್ತಲೇ ಇರಲಿಲ್ಲ. ಆಗ ಅಂಬಾಸಿಡರ್ ಕಾರು ಆ ಮಿತಿಯೊಳಗೇ ಬರುತ್ತಿತ್ತು. ಕೆಲಸದ ಗಾಡಿಗೆ ಅಡ್ಡಿಯಿರಲಿಲ್ಲ, ಮೆರವಣಿಗೆಯ ಗಾಡಿಗೆ ಸರ್ಕಾರದ ಕಾಣಿಕೆ ಇರಲಿಲ್ಲ. 1975ರ ಫೆಬ್ರವರಿ ಕಳೆದ ಮೇಲೆ ಆ ಮಿತಿ ಹೋಗಿ ಬೇರೊಂದು ನಿಯಮ ಬಂತು: ವಿದೇಶದಲ್ಲಿ ತಯಾರಾದ ಕಾರಿಗೆ ಸವಕಳಿಯೇ ಇಲ್ಲ. ಇದು 26 ವರ್ಷ ನಡೆಯಿತು. 2001ರ ಏಪ್ರಿಲ್ 1ರಿಂದ ಕೊಂಡ ಕಾರುಗಳಿಗೆ ಆ ಬಾಗಿಲೂ ತೆರೆಯಿತು. ಅಂದಿನಿಂದ ಸ್ವದೇಶಿಯೋ ವಿದೇಶಿಯೋ, 5 ಲಕ್ಷದ್ದೋ 5 ಕೋಟಿಯದ್ದೋ, ಎಲ್ಲಕ್ಕೂ ಒಂದೇ ಕೃಪೆ.

25,000 ಎಂಬ ಅಂಕಿ ಸಮಾಜವಾದಿಗಳಿಗೆ ಇನ್ನೊಂದು ಕಾರಣಕ್ಕೂ ನೆನಪಿದೆ. 1963ರಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಜೀವಿಸುತ್ತಿದ್ದಾರೆ, ಪ್ರಧಾನಮಂತ್ರಿಗಳಿಗಾಗಿ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆ ಎಂದು ಗುಡುಗಿದ್ದರು. ಸರ್ಕಾರದವರು 3 ಆಣೆಯಲ್ಲ, 15 ಆಣೆ ಎಂದು ವಾದಿಸಿದರು. ವೈಯಕ್ತಿಕ ವೆಚ್ಚಕ್ಕೆ ಮಿತಿ ಇರಬೇಕೆಂಬ ಲೋಹಿಯಾ ಅವರ ಮಾತನ್ನು ಅಂದು ಹಾಸ್ಯ ಮಾಡಿದವರಿದ್ದರು. ಹಿಂದಿನ ವರ್ಷವಷ್ಟೇ, 1962ರಲ್ಲಿ, ನಮ್ಮ ಹೊಸದುರ್ಗದ ಮತದಾರರು ನಿಜಲಿಂಗಪ್ಪನವರಂಥ ಘಟಾನುಘಟಿಯನ್ನು ಸೋಲಿಸಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರನ್ನು ಗೆಲ್ಲಿಸಿದ್ದರು. ಯಾರ ಹಿಂದೆ ಎಷ್ಟು ಜೀಪಿದೆ ಎಂದು ಎಣಿಸಿ ಮತ ಹಾಕುವ ಊರು ಅದಾಗಿರಲಿಲ್ಲ.

ಹೊರದೇಶದ ಉದಾಹರಣೆ ಬೇಕೆನ್ನುವವರು ಆಸ್ಟ್ರೇಲಿಯಾ ನೋಡಲಿ. ಅದೇನೂ ಸಮಾಜವಾದಿ ದೇಶವಲ್ಲ. ಅಲ್ಲಿ 2024-25ರ ಸಾಲಿಗೆ 69,674 ಆಸ್ಟ್ರೇಲಿಯನ್ ಡಾಲರಿಗಿಂತ ಹೆಚ್ಚು ಬೆಲೆಯ ಕಾರು ಕೊಂಡರೂ ಸವಕಳಿ ಸಿಗುವುದು ಅಷ್ಟಕ್ಕೆ ಮಾತ್ರ. ಅಮೆರಿಕದಲ್ಲೂ ಮಿತಿ ಇದೆ, ಆದರೆ 6,000 ಪೌಂಡಿಗಿಂತ ಭಾರದ ಗಾಡಿಗಳಿಗೆ ರಿಯಾಯಿತಿ ಇಟ್ಟರು. ಅದು ಲಾರಿ ಇಟ್ಟುಕೊಂಡ ರೈತರಿಗೆಂದು ಮಾಡಿದ್ದು. ದೊಡ್ಡ ಗಾಡಿಯ ಧನಿಕರು ಅದರಲ್ಲಿ ನುಗ್ಗಿದರು. ರೈತನ ಹೆಸರಿನಲ್ಲಿ ತೆರೆದ ಕಿಂಡಿಯಲ್ಲಿ ಯಾರು ತೂರುತ್ತಾರೆಂಬುದು ಎಲ್ಲ ದೇಶದಲ್ಲೂ ಒಂದೇ.

ಸವಕಳಿಯೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಮೇಲಿನ ಜಿ.ಎಸ್.ಟಿ. ಮತ್ತು ಸೆಸ್ಸು ಕೂಡಿ ಶೇ. 50 ಇದ್ದದ್ದು 40ಕ್ಕೆ ಇಳಿಯಿತು. ಸೈಕಲ್ಲಿನ ತೆರಿಗೆಯೂ 12ರಿಂದ 5ಕ್ಕೆ ಇಳಿಯಿತು, ಅದನ್ನು ಮುಚ್ಚಿಡುವುದಿಲ್ಲ. 5,000 ರೂಪಾಯಿಯ ಸೈಕಲ್ಲಿಗೆ 350 ರೂಪಾಯಿ ಉಳಿತಾಯ. ಲ್ಯಾಂಡ್ ರೋವರ್ ಕಂಪನಿ ತನ್ನ ಅತಿ ದುಬಾರಿ ಗಾಡಿಗಳ ಮೇಲೆ ಪ್ರಕಟಿಸಿದ ಇಳಿಕೆ 30 ಲಕ್ಷದವರೆಗೆ. ಅದಕ್ಕೂ ಎರಡು ತಿಂಗಳ ಹಿಂದೆ, ಜುಲೈ 24ರಂದು, ಬ್ರಿಟನ್ನಿನೊಡನೆ ಸಹಿ ಹಾಕಿದ ಒಪ್ಪಂದದಲ್ಲಿ ಅಲ್ಲಿನ ಕಾರುಗಳ ಮೇಲೆ 100ಕ್ಕೂ ಮೇಲಿದ್ದ ಆಮದು ಸುಂಕವನ್ನು ಗೊತ್ತಾದ ಸಂಖ್ಯೆಯ ಮಟ್ಟಿಗೆ ಹಂತಹಂತವಾಗಿ 10ಕ್ಕೆ ಇಳಿಸಲು ಒಪ್ಪಲಾಯಿತು. ಸುಂಕದಲ್ಲಿ ಒಂದು, ಜಿ.ಎಸ್.ಟಿ.ಯಲ್ಲಿ ಒಂದು, ಆದಾಯ ತೆರಿಗೆಯಲ್ಲಿ ಒಂದು; ಒಬ್ಬನೇ ಗಿರಾಕಿಗೆ ಮೂರು ಕಾಣಿಕೆ.

ಕಾಡುಮೇಡು ಏರಬಲ್ಲ ಈ ಗಾಡಿ ಆರು ಪಥದ ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಉತ್ತ ರಸ್ತೆಯ ಮೇಲೆ ಓಡುವುದು ಸರ್ಕಾರಿ ಬಸ್ಸು, ಆಟೋ, ಮೊಪೆಡ್ಡು. ನಾಲ್ಕು ಚಕ್ರಕ್ಕೂ ಬಲ ಬೇಕಾದ ದಾರಿ ಒಬ್ಬರಿಗೆ, ಆ ಬಲದ ಗಾಡಿ ಇನ್ನೊಬ್ಬರಿಗೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಲಾರಿ, ಬಸ್ಸು, ಟ್ರಾಕ್ಟರು, ಬಾಡಿಗೆ ಕಾರುಗಳಿಗೆ ಈಗಿನ ಸವಕಳಿ ಹಾಗೆಯೇ ಇರಲಿ. ಸ್ವಂತಕ್ಕೆ ಓಡಿಸುವ ಕಾರಿಗೆ 1967ರಂತೆ ಮತ್ತೆ ಮಿತಿ ಬರಲಿ. ಎಷ್ಟು ಎಂದರೆ, ಕರ್ನಾಟಕ ಸರ್ಕಾರ 20 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರಿಗೆ ಶೇ. 18ರ ಜೀವಾವಧಿ ತೆರಿಗೆ ಹಾಕಿ ಅದನ್ನು ಮೇಲ್ದರ್ಜೆ ಎಂದು ತಾನೇ ಗೆರೆ ಎಳೆದಿದೆ. ಆ ಗೆರೆಯನ್ನೇ ದೆಹಲಿಯವರೂ ಹಿಡಿಯಲಿ. 20 ಲಕ್ಷದ ಮೇಲಿನದು ಕೊಂಡವನ ಸ್ವಂತ ಜೇಬಿನದು. ಕೊಳ್ಳಬೇಡವೆಂದು ಯಾರೂ ಹೇಳುತ್ತಿಲ್ಲ.

ಇಂಥ ಕಾರುಗಳ ಸವಕಳಿಯಿಂದ ವರ್ಷಕ್ಕೆ ಎಷ್ಟು ತೆರಿಗೆ ತಪ್ಪುತ್ತಿದೆ ಎಂಬ ಪ್ರಶ್ನೆಯನ್ನು ನಮ್ಮ ಕ್ಷೇತ್ರದ ಸಂಸತ್ ಸದಸ್ಯರು ಲೋಕಸಭೆಯಲ್ಲಿ ಲಿಖಿತವಾಗಿ ಕೇಳಬಹುದು. ಅದಕ್ಕೆ 15 ದಿನಗಳ ಮುಂಚಿತ ಸೂಚನೆ ಸಾಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವರ್ತಕರ ಸಂಘಗಳೂ ಕಾರ್ಮಿಕ ಸಂಘಗಳೂ ಮುಂದಿನ ಅಧಿವೇಶನಕ್ಕೆ ಮುನ್ನ ಒಂದೊಂದು ಅರ್ಜಿ ಬರೆದು ಅವರ ಕೈಗೆ ಕೊಡಬೇಕೆಂದು ವಿನಂತಿ.