ಎರಡು ದಿನದ ಪರೀಕ್ಷೆ ಹೇಳದೆ ಬಿಟ್ಟದ್ದು

ಗದ್ದೆಗೆ ಸಿಂಪಡಿಸಿದ ಕೀಟನಾಶಕ ಮಳೆನೀರಿನೊಂದಿಗೆ ತೋಡಿಗಿಳಿಯುತ್ತದೆ. ಅಲ್ಲಿನ ಸಣ್ಣ ಜೀವಿಗಳಿಗೆ ಅದು ಎಷ್ಟು ಅಪಾಯಕಾರಿ ಎಂದು ತಿಳಿಯಲು ವಿಜ್ಞಾನಿಗಳು ಹೆಚ್ಚಾಗಿ ಬಳಸುವುದು ಡಾಫ್ನಿಯಾ ಎಂಬ ಸಿಹಿನೀರಿನ ಪುಟ್ಟ ಜೀವಿಯನ್ನು.

ಓಇಸಿಡಿ ಸಂಸ್ಥೆಯ 202ನೇ ಮಾರ್ಗಸೂಚಿಯಂತೆ, ಹುಟ್ಟಿ 24 ಗಂಟೆ ತುಂಬದ ಮರಿಗಳನ್ನು ರಾಸಾಯನಿಕ ಬೆರೆಸಿದ ನೀರಿನಲ್ಲಿ 48 ಗಂಟೆ ಇಡುತ್ತಾರೆ. ಪ್ರತಿಯೊಂದು ಪ್ರಮಾಣಕ್ಕೂ ಕನಿಷ್ಠ 20 ಮರಿಗಳು ಬೇಕು. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡುಗಳೊಳಗೆ ಈಜದ ಮರಿಯನ್ನು ನಿಶ್ಚಲವೆಂದು ಎಣಿಸುತ್ತಾರೆ. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಪ್ರಮಾಣ ಯಾವುದೆಂದು ಲೆಕ್ಕ ಹಾಕುತ್ತಾರೆ. ಖರ್ಚು ಕಡಿಮೆ, ಉತ್ತರ ಬೇಗ. ಇದರ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಭತ್ತ, ಹತ್ತಿ, ಮಾವುಗಳಿಗೆ ನಮ್ಮ ದೇಶದಲ್ಲಿ ಬಳಸುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಕಥೆ ನೋಡಿ. ಡಾಫ್ನಿಯಾ ಪರೀಕ್ಷೆಯಲ್ಲಿ ಈ ಪ್ರಮಾಣ ಲೀಟರಿಗೆ ಸುಮಾರು 85 ಮಿಲಿಗ್ರಾಂ ಎಂದು ದಾಖಲಾಯಿತು. ಇದನ್ನಷ್ಟೇ ನೋಡಿದವರು ನೀರಿಗೆ ಹೆಚ್ಚಿನ ಭಯವಿಲ್ಲ ಎಂದುಕೊಂಡಾರು. ಆದರೆ ಮೇಫ್ಲೈ ಎಂಬ ಕೀಟದ ಮರಿಗಳಿಗೆ ಇದರ ಸಾವಿರಾರು ಪಟ್ಟು ಕಡಿಮೆ ಪ್ರಮಾಣವೇ ಸಾಕು. ದಿನಗಳು ಕಳೆದಂತೆ ಇನ್ನೂ ಕಡಿಮೆ ಸಾಕು, ಏಕೆಂದರೆ ಕೀಟಗಳ ನರವ್ಯೂಹಕ್ಕೆ ಅಂಟಿದ ಈ ವಿಷ ಸುಲಭವಾಗಿ ಬಿಡುವುದಿಲ್ಲ.

ಈ ಹುಳುಗಳು ಇಲ್ಲವಾದರೆ ಅವನ್ನು ತಿಂದು ಬದುಕುವ ಮೀನು, ಕಪ್ಪೆ, ಹಕ್ಕಿಗಳೂ ಬಡವಾಗುತ್ತವೆ. ಇಮಿಡಾಕ್ಲೋಪ್ರಿಡ್ ಹೆಚ್ಚಿರುವ ನೀರಿನ ಪ್ರದೇಶಗಳಲ್ಲಿ ಕೀಟಭಕ್ಷಕ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಐರೋಪ್ಯ ಒಕ್ಕೂಟ 2018ರಲ್ಲಿ ಬಯಲಿನಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಅದಕ್ಕೆ ಮುಖ್ಯ ಕಾರಣ ಜೇನ್ನೊಣಗಳು.

ಹಾಗಾದರೆ ತಪ್ಪು ಪರೀಕ್ಷೆಯದೇ? ಅಲ್ಲ. ಒಂದು ಜೀವಿ ಎರಡು ದಿನದಲ್ಲಿ ಕೊಟ್ಟ ಉತ್ತರವನ್ನು ಇಡೀ ತೋಡಿನ ಉತ್ತರವೆಂದು ಭಾವಿಸುವುದೇ ತಪ್ಪು. ಸೊಳ್ಳೆಯಂತೆ ಕಾಣುವ, ಕಚ್ಚದ ಕೈರೊನೊಮಸ್ ಕೀಟದ ಮರಿಗಳ ಮೇಲಿನ ಪರೀಕ್ಷೆಗೂ 2011ರಿಂದ ಓಇಸಿಡಿಯ 235ನೇ ಮಾರ್ಗಸೂಚಿ ಇದೆ. ಕೀಟನಾಶಕವನ್ನು ಕೀಟದ ಮೇಲೆಯೇ ಪರೀಕ್ಷಿಸುವುದು ನ್ಯಾಯವಲ್ಲವೇ?

ನಮ್ಮ ಕೃಷಿಕ ಬಂಧುಗಳಿಗೆ ಒಂದು ಮಾತು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಮನುಷ್ಯನಿಗಿರುವ ಅಪಾಯದ ಗುರುತು. ತೋಡಿನ ಜೀವಿಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದುದರಿಂದ ಬಣ್ಣ ಯಾವುದೇ ಇರಲಿ, ಸಿಂಪಡಿಸಿದ ಪಂಪನ್ನು ತೋಡಿನಲ್ಲಿ ತೊಳೆಯದಿರೋಣ.