ಗೊತ್ತಿಲ್ಲ ಅನ್ನೋದಕ್ಕೂ ಒಂದು ಖಾನೆ

2015ರ ಜನವರಿ ಮೊದಲ ವಾರ ಅಜ್ಜಿಯೊಬ್ಬರು ಪಾಸ್‌ಬುಕ್ ಹಿಡಿದು ನನ್ನ ಟೇಬಲ್ಲಿಗೆ ಬಂದರು. ಡಿಸೆಂಬರಿನ ಪಿಂಚಣಿ ಬಂದಿರಲಿಲ್ಲ. "ಸಾಹೇಬ್, ಮೀ ಜಿವಂತ್ ಆಹೇ ನಾ?" ಅಂದರು. ನಾನು ಬದುಕಿದ್ದೀನಿ ತಾನೇ, ಅಂತ! ನವೆಂಬರಿನಲ್ಲೇ ಲೈಫ್ ಸರ್ಟಿಫಿಕೇಟ್ ಕೊಟ್ಟು ಹೋಗಿದ್ದವರು ಅವರು. ಪಿಂಚಣಿ ನಿಲ್ಲಿಸಿದ್ದು ನಾನು ಮಾಡಿದ ಎಕ್ಸೆಲ್ ಪಟ್ಟಿ.

ಆಗಿದ್ದಿಷ್ಟು. ಪಟ್ಟಿ ಪಿಪಿಒ ನಂಬರಿನ ಕ್ರಮದಲ್ಲಿತ್ತು. ಬೇರೆ ಶಾಖೆಯಿಂದ ವರ್ಗವಾಗಿ ಬಂದ ಹತ್ತು ಹನ್ನೊಂದು ಜನರನ್ನು ಕೆಳಗೆ ಸೇರಿಸಿದ್ದೆ, ಮತ್ತೆ ಸಾರ್ಟ್ ಮಾಡಿರಲಿಲ್ಲ. ವಿ-ಲುಕಪ್‌ನಲ್ಲಿ ನಾಲ್ಕನೆಯದನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ತಾನಾಗಿಯೇ "ಇದು ಕ್ರಮದಲ್ಲಿದೆ" ಅಂದುಕೊಳ್ಳುತ್ತದೆ. ಅಜ್ಜಿಯ ನಂಬರ್ ಇರಬೇಕಾದ ಜಾಗಕ್ಕೆ ಹೋಯಿತು, ಅದು ಸಿಗದೆ ಹಿಂದಿನ ನಂಬರಿನವರ ಸಾಲನ್ನು ಎತ್ತಿಕೊಂಡಿತು. ಅವರ ದಿನಾಂಕದ ಖಾನೆ ಖಾಲಿ. ಖಾಲಿಯನ್ನು ಎಕ್ಸೆಲ್ ಸೊನ್ನೆ ಅಂತ ತೋರಿಸಿತು, ನಾನು "ಕೊಟ್ಟಿಲ್ಲ" ಅಂತ ಓದಿದೆ. ಒಂದು ಕಡೆಯೂ ಎರರ್ ಬರಲಿಲ್ಲ ನೋಡಿ.

ಇದೆಲ್ಲ ಮತ್ತೆ ನೆನಪಾಗಿದ್ದು ಮಗ ಆರ್ ಭಾಷೆಯ ಆಲ್ಟ್‌ರೆಪ್ ಬಗ್ಗೆ ಹೇಳಿದಾಗ. 2018ರಲ್ಲಿ 3.5.0 ಆವೃತ್ತಿಯಲ್ಲಿ ಬಂದದ್ದು. ನಮಗೆ ಬೇಕಾದ ಹಾಗೆ ನಾವೇ ವೆಕ್ಟರ್ ಕಟ್ಟಿಕೊಳ್ಳಬಹುದು: ಡೇಟಾ ಫೈಲಿನಲ್ಲಿರಲಿ, ಒಂದರಿಂದ ಕೋಟಿಯವರೆಗಿನ ಅಂಕಿಗಳನ್ನು ಬರೆದಿಡದೆ ಮೊದಲು, ಕೊನೆ ಮಾತ್ರ ನೆನಪಿಟ್ಟುಕೊಳ್ಳಲಿ. ಹೀಗೆ ಕಟ್ಟಿದ ವೆಕ್ಟರನ್ನು ಆರ್ ಎರಡು ಪ್ರಶ್ನೆ ಕೇಳಬಹುದು. ನೀನು ಕ್ರಮದಲ್ಲಿದ್ದೀಯಾ? ನಿನ್ನಲ್ಲಿ ಬಿಟ್ಟುಹೋದ ಬೆಲೆ ಇಲ್ಲ ಅಂತ ಖಾತ್ರಿ ಇದೆಯಾ? "ಹೌದು" ಅಂದರೆ ಲಾಭ ದೊಡ್ಡದು. ಮತ್ತೆ ಸಾರ್ಟ್ ಮಾಡುವ ಕೆಲಸ ಇಲ್ಲ, ಕೋಟಿ ಸಾಲಿನಲ್ಲಿ ಒಂದನ್ನು ಹುಡುಕಲು ಇಪ್ಪತ್ತನಾಲ್ಕು ಹೆಜ್ಜೆ ಸಾಕು.

ಆದರೆ ಈ "ಹೌದು" ನಿಜವಾ ಅಂತ ಯಾರೂ ಪರೀಕ್ಷಿಸುವುದಿಲ್ಲ. ನಮ್ಮಲ್ಲಿ ವೋಚರಿನ ಮೇಲೆ ಹಾಕುವ ಇನಿಶಿಯಲ್ ಇದ್ದ ಹಾಗೆ. ಇನಿಶಿಯಲ್ ಕಂಡಮೇಲೆ ಮುಂದಿನವನು ಒಳಗಿನ ಅಂಕಿ ನೋಡುವುದಿಲ್ಲ. ಬೇಗ ಮನೆಗೆ ಹೋಗಬೇಕು ಅಂತ ನೋಡದೇ ಇನಿಶಿಯಲ್ ಹಾಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ (ನಾನೂ ಹಾಕಿದ್ದೇನೆ ಅನ್ನಿ!).

ಅದಕ್ಕೇ ಇದನ್ನು ಮಾಡಿದವರ ಒಂದು ವಿಚಾರ ನನಗೆ ತುಂಬಾ ಹಿಡಿಸಿತು. ಕ್ರಮದ ಪ್ರಶ್ನೆಗೆ ಏರಿಕೆ, ಇಳಿಕೆ, ಕ್ರಮದಲ್ಲಿಲ್ಲ ಎಂಬ ಉತ್ತರಗಳ ಜೊತೆ "ಗೊತ್ತಿಲ್ಲ" ಅಂತಲೂ ಪ್ರತ್ಯೇಕ ಉತ್ತರ ಇಟ್ಟಿದ್ದಾರೆ. ಬಿಟ್ಟುಹೋದ ಬೆಲೆಗಳು ಮುಂದೆ ಇವೆ ಅಂತ ಹೇಳಲಿಕ್ಕೂ ಬೇರೆ ಸಂಕೇತ ಉಂಟು. ಖಾಲಿ ಬೆಲೆಯ ಪ್ರಶ್ನೆಗೆ ಮಾತ್ರ ಎರಡೇ: 1 ಅಂದರೆ ಖಂಡಿತ ಇಲ್ಲ, 0 ಅಂದರೆ ಇರಬಹುದು, ಇಲ್ಲದಿರಬಹುದು. "ಖಂಡಿತ ಇದೆ" ಅಂತ ಮೂರನೆಯದೂ ಬೇಕಿತ್ತು ಅಂತ ಮಗನ ತಕರಾರು. ನನಗೇನೋ ಬೇಡ ಅನಿಸುತ್ತದೆ. ಇದೆ ಅಂತ ಗೊತ್ತಾದರೂ ಎಲ್ಲಿದೆ ಅಂತ ಸಾಲು ಸಾಲು ನೋಡಲೇಬೇಕಲ್ಲ?

ಇನ್ನೊಂದು. ಸಾರ್ಟ್ ಮಾಡಿದ ಮೇಲೆ ಆರ್ ವೆಕ್ಟರಿಗೆ ಒಂದು ಹೊದಿಕೆ ಹಾಕಿ ಅದರ ಮೇಲೆ "ಕ್ರಮದಲ್ಲಿದೆ" ಅಂತ ಗುರುತು ಮಾಡಬಲ್ಲದು. ಒಳಗೆ ಬರೆಯಲು ಯಾರಾದರೂ ಅನುಮತಿ ಕೇಳಿದರೆ ಸಾಕು, ಬರೆಯುತ್ತಾನೋ ಇಲ್ಲವೋ ಕಾಯದೆ ಗುರುತನ್ನು ಅಳಿಸಿಬಿಡುತ್ತದೆ. ಸ್ವಂತ ವೆಕ್ಟರ್ ಕಟ್ಟುವವರೂ ಇಷ್ಟೇ ಅನುಮಾನದವರಾಗಿರಬೇಕು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಸೆಕೆಂಡು ಉಳಿಸಲು ಹೋಗಿ ಖಾತ್ರಿ ಇಲ್ಲದೆ "ಹೌದು" ಅನ್ನಬಾರದು. ನನ್ನ ಪಟ್ಟಿಯ ಕೆಳಗೆ ಹನ್ನೊಂದು ಸಾಲು ಸೇರಿದ ಕ್ಷಣವೇ ಅದರ ಗುರುತೂ ಅಳಿಯಬೇಕಿತ್ತು.

ಅಜ್ಜಿಗೆ ಬಾಕಿ ಹಣ ಆ ವಾರವೇ ಜಮಾ ಮಾಡಿದೆವು. ಮುಂದಿನ ನವೆಂಬರಿನಲ್ಲಿ ಬಂದಾಗ ಸರ್ಟಿಫಿಕೇಟಿನ ಎರಡು ಪ್ರತಿ ತಂದಿದ್ದರು. ಒಂದಕ್ಕೆ ಸೀಲು ಹಾಕಿಸಿಕೊಂಡು ಚೀಲದಲ್ಲಿ ಇಟ್ಟುಕೊಂಡು ಹೋದರು.